ಎಡಹುಬ್ಬಿನ ಹೆಡ್‌ಮೇಷ್ಟ್ರು

"ಅಲ್ಲಾಡ್ಬೇಡಿ ಅಂದ್ನಲ್ಲ!"

ಕತ್ತರಿ ಅವನ ಕಿವಿಯ ಪಕ್ಕದಲ್ಲೇ ಕಚಕ್ ಎಂದಿತು. ಸ್ವಲ್ಪ ಆಚೀಚೆ ಆಗಿದ್ದರೂ ಕೂದಲಿನ ಜೊತೆ ಕಿವಿಯೂ ಕೆಳಗೆ ಬೀಳುತ್ತಿತ್ತು. ಕೂದಲು ಕತ್ತರಿಸುತ್ತಿದ್ದ ಹುಡುಗಿ ಕತ್ತರಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಅವನಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಕೊಕ್ಕರೆಯ ಹಾಗೆ ಕುತ್ತಿಗೆ ಚಾಚಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಕಡೆ ನೋಡುತ್ತಿದ್ದ. ಅದೂ ಎವೆಯಿಕ್ಕದೆ!

ಆ ಹೆಂಗಸು ಮುಖ ಸಿಂಡರಿಸಿದಳು. ಇವಳಿಗೆ ರೇಗಿಹೋಯಿತು.

"ರೀ ಸ್ವಾಮಿ, ಇಲ್ಲಿಗೆ ಬಂದಿರೋದು ಕೂದಲು ಕತ್ತರಿಸ್ಕೊಳ್ಳೋಕಾ, ಹೆಂಗಸರನ್ನ ಗುರಾಯಿಸೋಕಾ? ಕಣ್ಣು ಕನ್ನಡಿ ಮೇಲಿರ್ಲಿ!"

ಅವನು ಬೆಚ್ಚಿಬಿದ್ದ. "ಅಯ್ಯೋ ಮೇಡಂ... ನಾನು ಅವರನ್ನ ನೋಡ್ತಿರ್ಲಿಲ್ಲ."

"ಮತ್ತೆ?"

"ಅವರ... ಕಿವಿ ನೋಡ್ತಿದ್ದೆ."

ಪಕ್ಕದ ಹೆಂಗಸು ಗಬಕ್ಕನೆ ಕಿವಿ ಮುಚ್ಚಿಕೊಂಡಳು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಕಿವಿನಾ?"

"ಹೂಂ. ಬೆಳಗ್ಗೆಯಿಂದ ಒಂದು ಕಿವಿ ಮಾಡೋಕೆ ಒದ್ದಾಡ್ತಿದೀನಿ. ಮೇಲಿನ ಮಡಿಕೆ ಒಳಗಡೆ ಎಲ್ಲಿ ಹೋಗಿ ಸೇರುತ್ತೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇವರ ಕಿವೀಲಿ ಎಷ್ಟು ಸ್ಪಷ್ಟವಾಗಿದೆ ನೋಡಿ!"

"ಕಿವಿ ಮಾಡ್ತೀರಾ? ಡಾಕ್ಟ್ರಾ ನೀವು?"

"ಅಲ್ಲ ಅಲ್ಲ. ಕಂಪ್ಯೂಟರಲ್ಲಿ ಮನುಷ್ಯರ ತಲೆ ಮಾಡ್ತೀನಿ. ಅಂಗಡಿಗಳಲ್ಲಿ ಗಾಜಿನ ಹಿಂದೆ ಬೊಂಬೆ ನಿಲ್ಲಿಸ್ತಾರಲ್ಲ, ಅವುಗಳಿಗೆ. ಬೇರೆಯವರಿಗೂ ಕಲಿಸ್ತೀನಿ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಸಲೂನಿನ ಯಜಮಾನಿ, ಅಂದರೆ ನಮ್ಮ ಹುಡುಗಿಯ ಚಿಕ್ಕಮ್ಮ, ಚಪ್ಪಾಳೆ ತಟ್ಟಿಯೇಬಿಟ್ಟರು. "ತಲೆ ಕಲಿಸೋ ಮೇಷ್ಟ್ರು! ಅಂದ್ರೆ... ಹೆಡ್‌ಮೇಷ್ಟ್ರು!"

ಅವತ್ತಿನಿಂದ ಆ ಬೀದಿಯಲ್ಲಿ ಅವನಿಗೆ ಬೇರೆ ಹೆಸರೇ ಉಳಿಯಲಿಲ್ಲ.

ಅವಳು ನಗು ತಡೆದುಕೊಂಡು ಕನ್ನಡಿ ನೋಡಿದಳು. ಕನ್ನಡಿಯೊಳಗೆ ನಾಚಿಕೆಯಿಂದ ಕೆಂಪಾದ ಒಂದು ಮುಖವಿತ್ತು. ತುಸು ಸೊಟ್ಟ ಮೂಗು. ಒಂದು ಹುಬ್ಬಿನ ನಡುವೆ ಹಳೆಯ ಗಾಯದ ಸೀಳು. ಅಲ್ಲಿ ಕೂದಲೇ ಬೆಳೆದಿರಲಿಲ್ಲ. ಆ ಸೀಳಿನ ಕೆಳಗಿದ್ದ ಕಣ್ಣು ಅವಳನ್ನೇ ನೋಡಿ ಮೆಲ್ಲಗೆ ನಕ್ಕಿತು.

ಅವಳ ಕೈಯ ಕತ್ತರಿ ಅಲ್ಲೇ ನಿಂತಿತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಕೂದಲು ಕತ್ತರಿಸುವವರು ಗಿರಾಕಿಯ ಮುಖವನ್ನು ಎದುರಿನಿಂದ ನೋಡುವುದು ಕಡಿಮೆ. ಬೆನ್ನ ಹಿಂದೆ ನಿಂತು, ಮಾತು, ನಗು, ಜಗಳ ಎಲ್ಲವನ್ನೂ ಕನ್ನಡಿಯ ಜೊತೆಯೇ ನಡೆಸುತ್ತಾರೆ. ಅವಳೂ ಅಷ್ಟೇ. ಚಿಕ್ಕಂದಿನಿಂದ ಅವಳು ಕಂಡ ಮುಖಗಳೆಲ್ಲ ಕನ್ನಡಿಯೊಳಗಿನವು.

*

ಜನ ತಿಂಗಳಿಗೊಮ್ಮೆ ಕೂದಲು ಕತ್ತರಿಸಿಕೊಳ್ಳುತ್ತಾರೆ. ಹೆಡ್‌ಮೇಷ್ಟ್ರು ಕೂದಲಿಗೆ ಬೆಳೆಯಲು ಪುರುಸೊತ್ತೇ ಕೊಡಲಿಲ್ಲ!

"ಮತ್ತೆ ಬಂದ್ರಾ? ಕತ್ತರಿಸೋಕೆ ಏನಿದೆ ಅಂತ ಬಂದ್ರಿ?"

"ಹಿಂದುಗಡೆ ಸ್ವಲ್ಪ ಉದ್ದ ಆಗಿರ್ಬೇಕು ಕತ್ತರಿ ಮೇಡಂ."

"ಎಲ್ಲಿ?"

"ನನಗೆ ಹೇಗೆ ಕಾಣುತ್ತೆ? ನೀವೇ ಹುಡುಕಿ."

ಚಿಕ್ಕಮ್ಮ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು.

ಅವಳು ಇಲ್ಲದ ಕೂದಲನ್ನು ಹುಡುಕುತ್ತಿದ್ದಳು. ಅವನು ಮಾಡಿದ ತಲೆಗಳ ಕಥೆ ಹೇಳುತ್ತಿದ್ದ. ಕನ್ನಡಿಯೊಳಗೆ ಕಣ್ಣು ಕೂಡುತ್ತಿತ್ತು, ಕೂಡಿದ್ದು ಬೇಗ ಬಿಡುತ್ತಿರಲಿಲ್ಲ. 'ಕನ್ನಡೀಲಿ ನೋಡಿದ್ರೆ ಅದೇನು ನೋಡಿದ ಹಾಗಾ? ಅಲ್ವೇ ಅಲ್ಲ!' ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಎದುರೆದುರು ನಿಂತು ಅಷ್ಟು ಹೊತ್ತು ನೋಡುವ ಧೈರ್ಯ ಅವಳ ಏಳು ಜನ್ಮಕ್ಕೂ ಇರಲಿಲ್ಲ.

ಆದರೆ ಸುಖಕ್ಕೆ ಕಣ್ಣು ಬೀಳಲು ಎಷ್ಟು ಹೊತ್ತು?

ಅವಳ ಬೆರಳುಗಳು ಮೊದಲು ಕೆಂಪಾದವು. ಆಮೇಲೆ ಚರ್ಮ ಸುಲಿಯತೊಡಗಿತು, ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತು. ಚರ್ಮದ ಡಾಕ್ಟರು ಮುಲಾಜಿಲ್ಲದೆ ಹೇಳಿಬಿಟ್ಟರು: ಕೂದಲಿನ ಬಣ್ಣ, ಶಾಂಪೂ ಯಾವುದನ್ನೂ ಇನ್ನು ಮುಟ್ಟುವ ಹಾಗಿಲ್ಲ. ಸಲೂನಿನ ಕೆಲಸ ಬಿಡಲೇಬೇಕು.

ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮನ ಮಡಿಲಲ್ಲಿ, ಈ ಕುರ್ಚಿಗಳ ನಡುವೆಯೇ ಬೆಳೆದವಳು ಅವಳು. ಬೇರೆ ಪ್ರಪಂಚವೇ ಗೊತ್ತಿಲ್ಲ.

ಮುಂದಿನ ಸಲ ಬಂದಾಗ ಅವನು ಅವಳ ಕೈಗವಸು ನೋಡಿ, "ಏನಾಯ್ತು?" ಎಂದ. ಅಷ್ಟು ಸಾಕಾಯಿತು. ಅವಳ ಕಣ್ಣು ತುಂಬಿ ಬಂತು.

"ತಲೆ ಬಿಟ್ರೆ ನನಗೆ ಬೇರೇನೂ ಗೊತ್ತಿಲ್ಲ ಮೇಷ್ಟ್ರೇ... ಇನ್ಮುಂದೆ ಏನು ಮಾಡ್ಲಿ ನಾನು?"

"ನನಗೂ ತಲೆ ಬಿಟ್ರೆ ಬೇರೇನೂ ಗೊತ್ತಿಲ್ಲ," ಎಂದ ಅವನು. "ನನ್ನ ಜೊತೆ ಬಂದ್ಬಿಡಿ."

ಸಲೂನಿನ ಕಣ್ಣುಗಳೆಲ್ಲ ಅವನ ಕಡೆ ತಿರುಗಿದವು.

"ಅಂದ್ರೆ... ಕಲಿಯೋಕೆ! ಸ್ಟುಡಿಯೋಗೆ! ಕಲಿಯೋಕೆ ಅಂತ ಹೇಳ್ದೆ!"

ಚಿಕ್ಕಮ್ಮನ ಕೆಮ್ಮು ಆ ದಿನ ನಿಲ್ಲಲೇ ಇಲ್ಲ.

*

ಸ್ಟುಡಿಯೋ ಅದೇ ಬೀದಿಯ ತುದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಣ್ಣ ಬಳಿಯದ ಬಿಳಿ ತಲೆಗಳು. ಎಲ್ಲವೂ ಬೋಳು.

"ಕೂದಲಿಲ್ಲದ ತಲೆ ಕಂಡ್ರೆ ನನ್ನ ಹೊಟ್ಟೆ ಉರಿಯುತ್ತೆ," ಎಂದಳು ಅವಳು.

ಸ್ಟುಡಿಯೋ ನಡೆಸುತ್ತಿದ್ದಾಕೆಯನ್ನು ಎಲ್ಲರೂ ಬಾಸಮ್ಮ ಎನ್ನುತ್ತಿದ್ದರು. ಆಕೆ ಕನ್ನಡಕದ ಮೇಲಿನಿಂದ ನೋಡಿ ಒಂದೇ ಷರತ್ತು ಹಾಕಿದಳು: "ಕಲೀರಿ. ಕೊನೆಗೆ ಫೋಟೋ ಇಲ್ಲದೆ, ನೆನಪಿಂದಲೇ ಒಂದು ತಲೆ ಮಾಡಿ ತೋರಿಸ್ಬೇಕು. ಜೀವ ಇರೋ ತಲೆ. ಅದಾದ್ರೆ ಕೆಲಸ ನಿಮ್ಮದು."

ಮೊದಲ ದಿನ ಹೆಡ್‌ಮೇಷ್ಟ್ರು ಅವಳ ಕೈಗೆ ಸ್ಕ್ರೀನಿಗೆ ಗೆರೆ ಎಳೆಯುವ ಪೆನ್ನು ಕೊಟ್ಟ. ಸ್ಕ್ರೀನಿನ ಮೇಲೆ ಒಂದು ಬೂದು ಬಣ್ಣದ ಗುಂಡು ಇತ್ತು.

"ಇದೇನು, ಚೆಂಡು?"

"ಇದೇ ತಲೆ. ಇನ್ನೂ ಆಗಿಲ್ಲ, ಅಷ್ಟೇ."

ಪೆನ್ನಿನಿಂದ ಎಳೆದರೆ ಗುಂಡು ಹಿಗ್ಗುತ್ತಿತ್ತು, ಒತ್ತಿದರೆ ತಗ್ಗುತ್ತಿತ್ತು, ಸವರಿದರೆ ನುಣುಪಾಗುತ್ತಿತ್ತು. ಜೇಡಿಮಣ್ಣಿನ ಹಾಗೇ, ಆದರೆ ಕೈಗೆ ಏನೂ ಅಂಟುವುದಿಲ್ಲ. ಅವಳ ಬಿರಿದ ಬೆರಳುಗಳಿಗೆ ಅದೇ ದೊಡ್ಡ ಪುಣ್ಯ.

ಮೊದಲ ತಲೆ ಮುಗಿದಾಗ ಹೆಡ್‌ಮೇಷ್ಟ್ರು ಅದನ್ನು ಸುತ್ತ ತಿರುಗಿಸಿ ನೋಡಿ ಗಲ್ಲ ಕೆರೆದುಕೊಂಡ. ಹಿಂದಿನಿಂದ ನೋಡಿದರೆ ಥೇಟ್ ಮನುಷ್ಯನೇ! ಹಿಂದಲೆಯ ಉಬ್ಬು, ಕುತ್ತಿಗೆಯ ಹಳ್ಳ ಎಲ್ಲವೂ ಸರಿ. ಮುಂದಿನಿಂದ ನೋಡಿದರೆ ಕಲಸಿದ ಹಿಟ್ಟು.

"ಇವನನ್ನ ಬೆನ್ನು ತಿರುಗಿಸಿ ನಿಲ್ಲಿಸಿದ್ರೆ ಮಾತ್ರ ಮಾರಾಟ ಆಗ್ತಾನೆ!"

"ನಗ್ಬೇಡಿ ಮೇಷ್ಟ್ರೇ!"

"ನಗ್ತಿಲ್ಲ. ಕಣ್ಣು ನೋಡಿ, ಹಣೆ ಮೇಲೆ ಹತ್ತಿ ಕೂತಿದೆ. ಕಣ್ಣು ಇರೋದು ತಲೆಯ ಅರ್ಧದಲ್ಲಿ."

"ಸುಳ್ಳು! ಕಣ್ಣು ಮೇಲಿರುತ್ತೆ."

"ಅಳೆದು ನೋಡ್ಕೊಳ್ಳಿ."

ಅವಳು ಗೇಣು ಹಾಕಿ ನೆತ್ತಿಯಿಂದ ಕಣ್ಣಿಗೆ, ಕಣ್ಣಿಂದ ಗದ್ದಕ್ಕೆ ಅಳೆದುಕೊಂಡಳು. ಎರಡೂ ಒಂದೇ! ಇಷ್ಟು ವರ್ಷ ತಲೆಗಳ ನಡುವೆಯೇ ಬದುಕಿದವಳಿಗೆ ಇದು ತಿಳಿದೇ ಇರಲಿಲ್ಲ. ಪೆಚ್ಚಾಗಿ ನಕ್ಕಳು.

ಎರಡನೆಯದರಲ್ಲಿ ಕಣ್ಣು ಕೆಳಗಿಳಿಯಿತು. ಆದರೆ ತಲೆಬುರುಡೆ ಕೂರುವ ಮೊದಲೇ ಅವಳು ರೆಪ್ಪೆ, ಸುಕ್ಕು, ತುಟಿಯ ಗೆರೆ ಎಂದು ಹೊರಟಿದ್ದಳು.

"ಮನೆಗೆ ಗೋಡೆನೇ ಎದ್ದಿಲ್ಲ, ಆಗಲೇ ಕಿಟಕಿಗೆ ಪರದೆ ಹಾಕ್ತಿದೀರಲ್ರೀ!"

ಬೈದರೂ ಅವನ ದನಿಯಲ್ಲಿ ಬೈಗುಳ ಇರುತ್ತಿರಲಿಲ್ಲ. ಪೆನ್ನು ಅವಳ ಬೆರಳಿಗೆ ಒತ್ತಿ ನೋಯುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಬಂದು ನೋಡಿದರೆ ಪೆನ್ನಿಗೆ ಮೆತ್ತನೆಯ ಬಟ್ಟೆ ಸುತ್ತಿ, ಅಂಚನ್ನು ನೀಟಾಗಿ ಹೊಲಿದಿದ್ದರು.

"ಇದನ್ಯಾರು ಸುತ್ತಿದ್ದು?"

"ಯಾರೋ... ಜಾರ್ತಿತ್ತು ಅಂತ ಇರ್ಬೇಕು," ಎಂದ ಅವನು, ಸ್ಕ್ರೀನ್ ನೋಡಿಕೊಂಡೇ. ಅವನ ತೋರುಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತು ಇನ್ನೂ ಆರಿರಲಿಲ್ಲ.

'ಎಲ್ಲಾ ಶಿಷ್ಯರಿಗೂ ಹೀಗೇ ಮಾಡ್ತಾರೇನೋ... ಸುಮ್ನೆ ಏನೇನೋ ಅಂದ್ಕೋಬೇಡ ಹುಚ್ಚಿ!' ಎಂದು ಅವಳು ಮನಸ್ಸಿನ ಕಿವಿ ಹಿಂಡಿದಳು.

ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು, ಇಬ್ಬರ ಮುಖವೂ ಸ್ಕ್ರೀನಿನ ಕಡೆಗೆ. ಅವನು ಇಷ್ಟು ಹತ್ತಿರ ಕೂತಿದ್ದರೂ ಅವಳು ಒಮ್ಮೆಯೂ ಪಕ್ಕಕ್ಕೆ ತಿರುಗಿ ಅವನ ಮುಖವನ್ನು ದಿಟ್ಟಿಸಲಿಲ್ಲ. ಇಲ್ಲಿ ಕನ್ನಡಿ ಇರಲಿಲ್ಲವಲ್ಲ!

ಅವನು ಒಂದು ಬಟನ್ ತೋರಿಸಿದ. ಅದು ಹೊತ್ತಿದ್ದರೆ ಮುಖದ ಒಂದು ಬದಿಗೆ ಮಾಡಿದ್ದು ಇನ್ನೊಂದು ಬದಿಗೂ ತಾನಾಗಿಯೇ ಆಗುತ್ತಿತ್ತು.

"ಕೆಲಸ ಸುಲಭ. ಆದ್ರೆ ಕೊನೆಗೆ ಇದನ್ನ ಆರಿಸ್ಲೇಬೇಕು. ಯಾರ ಮುಖವೂ ಎರಡು ಕಡೆ ಒಂದೇ ಥರ ಇರಲ್ಲ. ಆ ವ್ಯತ್ಯಾಸ ತಪ್ಪಿದ್ರೆ ಮನುಷ್ಯನೇ ತಪ್ಪಿಹೋಗ್ತಾನೆ."

*

ಇನ್ನು ಪುಟ್ಟನ ವಿಷಯ ಹೇಳದಿದ್ದರೆ ಕಥೆ ಮುಂದೆ ಸಾಗದು.

ಪುಟ್ಟ ಎಂದರೆ ಹೆಡ್‌ಮೇಷ್ಟ್ರ ತಮ್ಮ. ಹೆಸರಿಗೆ ಪುಟ್ಟ, ಬಾಗಿಲಲ್ಲಿ ಬಗ್ಗದಿದ್ದರೆ ಹಣೆ ಒಡೆಯುವಷ್ಟು ಎತ್ತರ! ಬೊಂಬೆಗಳನ್ನು ವ್ಯಾನಿನಲ್ಲಿ ಅಂಗಡಿಗಳಿಗೆ ಸಾಗಿಸುವುದು ಅವನ ಕೆಲಸ. ಅಣ್ಣನದೇ ಅಚ್ಚು, ಮಾತು ಮಾತ್ರ ಅಣ್ಣನ ಪಾಲಿನದನ್ನೂ ಇವನೇ ಆಡುತ್ತಿದ್ದ.

"ನನಗೂ ಅಣ್ಣನಿಗೂ ಹುಬ್ಬು ಯಾಕೆ ಸೀಳಿದೆ ಗೊತ್ತಾ? ಚಿಕ್ಕವರಿದ್ದಾಗ ಒಂದೇ ಚೆಂಡಿಗೆ ಇಬ್ಬರೂ ಎದುರುಬದುರು ಓಡಿ ಬಂದ್ವಿ. ಢಿಕ್ಕಿ! ಅವನ ಹುಬ್ಬೂ ಹೋಯ್ತು, ನನ್ನದೂ ಹೋಯ್ತು. ಅಮ್ಮ ಇಬ್ಬರಿಗೂ ಒಟ್ಟಿಗೇ ಹೊಲಿಗೆ ಹಾಕ್ಸಿದ್ರು."

"ಚೆಂಡು?"

"ಪಕ್ಕದ್ಮನೆ ನಾಯಿ ಎತ್ಕೊಂಡು ಹೋಯ್ತು!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಟ್ಟನ ಜೊತೆ ಅವಳಿಗೆ ಅಂಜಿಕೆಯೇ ಇರಲಿಲ್ಲ. ಮುಖ ನೋಡಿ ಮಾತಾಡುತ್ತಿದ್ದಳು, ಕೀಟಲೆ ಮಾಡುತ್ತಿದ್ದಳು. ಹೆಡ್‌ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರೆ ಸಾಕು, ಬಾಯಿಗೆ ಬೀಗ.

ಅವನು ಇದನ್ನು ದಿನವೂ ನೋಡುತ್ತಿದ್ದ. ನೋಡಿ ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದ. ತಪ್ಪಾಗಿ!

ಮುಖಕ್ಕೆ ಮುಖ ನೇರವಾಗಿ ಢಿಕ್ಕಿ ಹೊಡೆದರೆ ಒಬ್ಬನ ಎಡಕ್ಕೆ ಇನ್ನೊಬ್ಬನ ಬಲ ತಾಗುತ್ತದೆ. ಅಣ್ಣನಿಗೆ ಸೀಳಿದ್ದು ಎಡಹುಬ್ಬು, ತಮ್ಮನಿಗೆ ಬಲಹುಬ್ಬು. ಇದನ್ನು ಓದುಗರು ನೆನಪಿಟ್ಟುಕೊಳ್ಳಿ. ನಮ್ಮ ಹುಡುಗಿ ಗಮನಿಸಲೇ ಇಲ್ಲ.

*

ಬಾಸಮ್ಮನಿಗೆ ತೋರಿಸುವ ತಲೆಯನ್ನು ಅವಳು ಯಾರಿಗೂ ಹೇಳದೆ ಶುರುಮಾಡಿದಳು.

ಯಾರ ತಲೆ ಎಂದು ಯೋಚಿಸಲೇ ಇಲ್ಲ. ಬುರುಡೆ ಎದ್ದಿತು, ದವಡೆ ಬಂತು, ಮೂಗು ಬಂತು. ಮೂಗು ತುಸು ಸೊಟ್ಟಗಾಯಿತು. 'ಅಯ್ಯೋ, ಇವರೇ ಬರ್ತಿದಾರಲ್ಲ!'

ಬಂದವರನ್ನು ಬೇಡ ಎನ್ನಲು ಮನಸ್ಸು ಬರಲಿಲ್ಲ.

ಎರಡು ಬದಿಯನ್ನೂ ಒಂದೇ ಮಾಡುವ ಬಟನ್ ಆರಿಸಿದಳು. ಕಣ್ಣು ಮುಚ್ಚಿದಳು. ಸಲೂನಿನ ಕನ್ನಡಿ, ಅದರೊಳಗಿನ ಆ ನಗು ಕಣ್ಣ ಮುಂದೆ ಬಂತು. ಕನ್ನಡಿಯಲ್ಲಿ ಸೀಳು ಯಾವ ಬದಿಗೆ ಕಂಡಿತ್ತೋ ಸ್ಕ್ರೀನಿನಲ್ಲೂ ಅದೇ ಬದಿಗೆ ಕೊರೆದಳು. ಮೂಗಿನ ಸೊಟ್ಟವನ್ನೂ, ತುಸು ಕೆಳಗಿಳಿದ ಕಿವಿಯನ್ನೂ ಹಾಗೇ ಇಟ್ಟಳು. ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಕನ್ನಡಿಯೇ ಪ್ರಪಂಚವಾದವಳಿಗೆ ಹೇಗೆ ಹೊಳೆದೀತು?

ಮುಗಿಸಿ, ಕೈಗೆ ಮುಲಾಮು ಹಚ್ಚಿಕೊಳ್ಳಲು ಎದ್ದುಹೋದಳು. ಬಂದು ನೋಡಿದರೆ ಹೆಡ್‌ಮೇಷ್ಟ್ರು ಅವಳ ಸ್ಕ್ರೀನಿನ ಮುಂದೆ ನಿಂತಿದ್ದ.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ತುಂಬಾ... ಚೆನ್ನಾಗಿದೆ," ಎಂದ ಅವನು. ದನಿ ಒಣಗಿತ್ತು. "ಜೀವ ಇದೆ. ಪ್ರೀತಿಯಿಂದ ಮಾಡಿದೀರಾ."

ಅಷ್ಟೇ ಹೇಳಿ ಹೊರಗೆ ಹೋದ. ಆಮೇಲೆ ಆ ದಿನವೆಲ್ಲ ಅವನು ಅವಳ ಕಡೆ ಬರಲಿಲ್ಲ.

ಮರುದಿನ ಮೆಟ್ಟಿಲ ಹತ್ತಿರವೇ ಅವಳಿಗಾಗಿ ಕಾದಿದ್ದ.

"ಆ ತಲೆ ಯಾರದ್ದು ಅಂತ ನನಗೆ ಗೊತ್ತಾಯ್ತು ಕತ್ತರಿ ಮೇಡಂ."

ಅವಳು ತಲೆ ತಗ್ಗಿಸಿದಳು. ಕೆನ್ನೆ ಬಿಸಿಯಾಯಿತು. "ಗೊತ್ತಾಯ್ತಾ...?"

"ಗೊತ್ತಾಗದೇ ಇರುತ್ತಾ? ದಿನಾ ನೋಡೋ ಮುಖ. ನೀವು ನಾಚ್ಕೋಬೇಡಿ. ನನಗೆ... ಖುಷಿನೇ. ನಿಮ್ಮಂಥವರು ನಮ್ಮನೆಗೆ ಬರೋದು ಅಂದ್ರೆ ನಮ್ಮ ಪುಣ್ಯ."

'ದೇವರೇ! ನಾನು ಕೇಳ್ತಿರೋದು ನಿಜಾನಾ?' ಅವಳ ಕಾಲು ನೆಲದ ಮೇಲಿರಲಿಲ್ಲ.

"ಅಮ್ಮನ ಹತ್ರ ನಾನೇ ಮಾತಾಡ್ತೀನಿ."

"ಇಷ್ಟು ಬೇಗನಾ?" ಅವಳ ತುಟಿಯಲ್ಲಿ ನಗು ತಡೆಯಲಾಗಲಿಲ್ಲ.

"ತಡ ಯಾಕೆ? ಪುಟ್ಟನಿಗೆ ಅಮ್ಮ ಹೇಗೂ ಹುಡುಗಿ ನೋಡ್ತಿದಾರೆ. ಸ್ವಲ್ಪ ಹುಡುಗಾಟ ಜಾಸ್ತಿ ಅವನಿಗೆ. ಆದ್ರೆ ಮನಸ್ಸು ಅಪ್ಪಟ ಚಿನ್ನ. ನಿಮ್ಮನ್ನ ಚೆನ್ನಾಗಿ ನೋಡ್ಕೋತಾನೆ."

ನಗು ತುಟಿಯ ಮೇಲೆಯೇ ಸತ್ತಿತು.

"ಪು... ಪುಟ್ಟನಾ?"

"ಹೂಂ. ನಾನಿದೀನಲ್ಲ, ಎಲ್ಲಾ ಮಾಡಿಸ್ತೀನಿ," ಎಂದು ಅವನು ನಗಲು ನೋಡಿದ. ಆ ನಗು ಅಳುವಿಗಿಂತ ಕಡೆಯಾಗಿತ್ತು. ಅದನ್ನು ಅವಳು ನೋಡಿದ್ದರೆ! ಆದರೆ ಅವಳು ನೆಲ ನೋಡುತ್ತಿದ್ದಳು.

'ತನ್ನದೇ ಮುಖ ಅಂತ ಗೊತ್ತಾಗಿದೆ. ಇಷ್ಟ ಇಲ್ಲ ಅಂತ ನೇರವಾಗಿ ಹೇಳೋಕೆ ಆಗದೆ, ನನ್ನನ್ನ ತಮ್ಮನ ತಲೆಗೆ ಕಟ್ಟಿ ಕೈ ತೊಳ್ಕೊಳ್ತಿದಾರೆ!'

"ತುಂಬಾ ಉಪಕಾರ ಆಯ್ತು ಮೇಷ್ಟ್ರೇ," ಎಂದಳು. ಕಣ್ಣೀರು ಕೆನ್ನೆಗಿಳಿಯುವ ಮೊದಲೇ ಮೆಟ್ಟಿಲಿಳಿದು ಹೋದಳು.

*

ಸಲೂನಿಗೆ ಮರಳಿದವಳು ಮಾತಾಡದೆ ಗಿರಾಕಿಯ ತಲೆ ತೊಳೆಯಲು ನಿಂತಳು. ಚಿಕ್ಕಮ್ಮ ನಲ್ಲಿ ನಿಲ್ಲಿಸಿದರು.

"ಕೈ ಏನಾಗಿದೆ ನೋಡ್ಕೊಂಡಿದೀಯಾ? ಏನಾಯ್ತೇ ಅಲ್ಲಿ?"

"ಏನಿಲ್ಲ ಚಿಕ್ಕಮ್ಮ. ಅದು ನನಗೆ ಬರೋ ಕೆಲಸ ಅಲ್ಲ."

"ಕೆಲಸ ಬರಲ್ವಾ, ಮೇಷ್ಟ್ರು ಬರಲ್ವಾ?"

ಅವಳು ಚಿಕ್ಕಮ್ಮನ ಹೆಗಲಿಗೆ ಮುಖ ಒತ್ತಿ ಗೊಳೋ ಎಂದು ಅತ್ತಳು. ಇಷ್ಟಪಟ್ಟವನು ಸಿಗಲಿಲ್ಲ. ಕಲಿತ ಕೆಲಸವೂ ಕೈಬಿಟ್ಟಿತು, ಅವನ ಪಕ್ಕ ದಿನಾ ಕೂತು ಏನೂ ಆಗದವಳ ಹಾಗೆ ಇರುವುದು ಹೇಗೆ? ಬಾಸಮ್ಮನಿಂದ ಎರಡು ಸಲ ಫೋನ್ ಬಂತು. ತೆಗೆಯಲಿಲ್ಲ.

ಅಂಥ ಒಂದು ಮಧ್ಯಾಹ್ನ ಬಾಗಿಲಲ್ಲಿ ಬಗ್ಗಿಕೊಂಡು ಪುಟ್ಟ ಒಳಗೆ ಬಂದ.

"ಗಡ್ಡ ತೆಗೀರಿ. ಜೊತೆಗೆ ನಮ್ಮನೇಲಿ ಏನಾಗ್ತಿದೆ ಅಂತಾನೂ ಸ್ವಲ್ಪ ಹೇಳಿ," ಎನ್ನುತ್ತಾ ಕುರ್ಚಿಯಲ್ಲಿ ಕುಸಿದ. "ಅಣ್ಣ ಸರಿಯಾಗಿ ಊಟ ಮಾಡ್ತಿಲ್ಲ. ನನ್ನನ್ನ ನೋಡಿದ್ರೆ ನಿಟ್ಟುಸಿರು ಬಿಡ್ತಾನೆ. ನಿನ್ನೆ ಭುಜ ತಟ್ಟಿ 'ನೀನು ಅದೃಷ್ಟವಂತ ಕಣೋ' ಅಂದ! ತಲೆಬುಡ ಅರ್ಥ ಆಗ್ಲಿಲ್ಲ."

ಅವಳು ಕೈಗವಸು ಹಾಕಿ ಅವನ ಕೆನ್ನೆಗೆ ನೊರೆ ಬಳಿದಳು, ಸ್ವಲ್ಪ ಜೋರಾಗಿಯೇ.

"ನಿಮಗೂ ನನಗೂ ಮದುವೆ ಮಾಡ್ಸೋಕೆ ಹೊರಟಿದಾರೆ ನಿಮ್ಮಣ್ಣ. ಇನ್ನೂ ಹೇಳಿಲ್ವಾ?"

"ಏನಂದ್ರಿ!"

ಪುಟ್ಟ ನೆಲಕ್ಕೆ ಕಾಲೂರಿ ಕುರ್ಚಿಯನ್ನು ಗರಕ್ಕನೆ ತಿರುಗಿಸಿ ಅವಳಿಗೆ ಎದುರಾದ. ಅರ್ಧ ಮುಖ ನೊರೆ, ಅರ್ಧ ಮುಖ ಗಾಬರಿ.

"ನನಗಾ? ಅವನಿಗೇನು ತಲೆ ಕೆಟ್ಟಿದೆಯಾ? ಮನಸ್ಸಲ್ಲೇ ನಿಮ್ಮನ್ನ ಅತ್ತಿಗೆ ಅಂತ ಕರೆಯೋದು ನನಗೆ ಅಭ್ಯಾಸ ಆಗಿಹೋಗಿದೆ! ಮನೇಲಿ ಬಾಯಿ ಬಿಟ್ರೆ ಕತ್ತರಿ ಮೇಡಂ, ಕತ್ತರಿ ಮೇಡಂ! ಆ ಪೆನ್ನಿಗೆ ಬಟ್ಟೆ ಹೊಲಿಯೋಕೆ ಕೂತು ಎಷ್ಟು ಸಲ ಸೂಜಿ ಚುಚ್ಚಿಸ್ಕೊಂಡ ಗೊತ್ತಾ?"

ಅವಳು ನೊರೆಯ ಬ್ರಷ್ ಕೆಳಗಿಟ್ಟಳು. "ಮತ್ತೆ... ಅವರ ತಲೆ ಮಾಡಿದ್ನಲ್ಲ! ಅದು ನೋಡಿದ ಮೇಲೂ ಯಾಕೆ ಹಾಗಂದ್ರು?"

"ನನ್ನ ಕೇಳಿದ್ರೆ? ಅವನ ಮುಖ ಅವನಿಗೆ ಗೊತ್ತಾಗಲ್ವಾ?"

ಅವಳು ಉತ್ತರ ಕೊಡಲಿಲ್ಲ. ಎದುರಿಗಿದ್ದ ಹುಬ್ಬನ್ನೇ ನೋಡುತ್ತಿದ್ದಳು. ಅವಳು ಕೊರೆದ ಸೀಳು ಇದೇ ಬದಿಗಿತ್ತು. ಇದೇ ಜಾಗ. ಆದರೆ ಇದು ಪುಟ್ಟನ ಹುಬ್ಬು!

ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದಳು. ಸೀಳು ಆಚೆ ಬದಿಗೆ ಹೋಯಿತು. ಮತ್ತೆ ತನ್ನ ಕಡೆ ತಿರುಗಿಸಿದಳು. ಈಚೆ ಬಂತು.

"ಅತ್ತಿಗೆ, ತಲೆ ಸುತ್ತುತ್ತಿದೆ..."

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಅವಳು ಹಣೆ ಚಚ್ಚಿಕೊಂಡಳು. "ನಾನು ಅವರನ್ನ ನೋಡಿದ್ದೇ ಕನ್ನಡೀಲಿ! ಕನ್ನಡೀಲಿ ಕಂಡ ಹಾಗೇ ಮಾಡ್ಬಿಟ್ಟೆ! ಅವರ ಸೀಳು ನಿಮ್ಮ ಹುಬ್ಬಿಗೆ ಬಂದ್ಬಿಟ್ಟಿದೆ!"

ಕೈಗವಸು ಕಿತ್ತೆಸೆದು ಬಾಗಿಲ ಕಡೆ ಓಡಿದಳು.

"ರೀ ಅತ್ತಿಗೇ! ನನ್ನ ಗಡ್ಡ?"

"ಕೂತ್ಕೊಳಪ್ಪ," ಎಂದರು ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಗಡ್ಡ ನಾನು ತೆಗೀತೀನಿ."

*

ಹೆಡ್‌ಮೇಷ್ಟ್ರು ಒಬ್ಬನೇ ಇದ್ದ. ಅವನ ಮುಂದಿನ ಸ್ಕ್ರೀನಿನಲ್ಲಿ ಒಂದು ಕಿವಿ ಅರ್ಧಕ್ಕೇ ನಿಂತಿತ್ತು.

ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದವಳನ್ನು ಕಂಡು ಎದ್ದು ನಿಂತ. "ಬಾಸಮ್ಮ ನಿಮ್ಮ ತಲೆ ನೋಡಿದ್ರು. ಕೆಲಸ ನಿಮ್ಮದೇ ಅಂದ್ರು. ಎಷ್ಟು ಸಲ ಫೋನ್ ಮಾಡಿದ್ರೂ..."

"ಅದು ಆಮೇಲೆ. ಕೂತ್ಕೊಳ್ಳಿ ಇಲ್ಲಿ."

"ನಾನು..."

"ಕೂತ್ಕೊಳ್ಳಿ ಅಂದ್ನಲ್ಲ!"

ಹೆಡ್‌ಮೇಷ್ಟ್ರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೂತ.

ಅವಳು ತಾನು ಮಾಡಿದ ತಲೆಯನ್ನು ಸ್ಕ್ರೀನಿಗೆ ತಂದಳು. "ಇದು ಯಾರು?"

"ಪುಟ್ಟ," ಎಂದ ಮೆಲ್ಲಗೆ. "ಬಲಹುಬ್ಬು."

"ಮೂಗು?"

"ಮೂಗು... ನನ್ನ ಥರ ಇದೆ. ಅಣ್ಣತಮ್ಮಂದಿರಲ್ವಾ, ಇರುತ್ತೆ. ಸೊಟ್ಟ ಮಾತ್ರ ಆ ಕಡೆಗಿದೆ. ಅದೇನೋ ನನಗೂ ಅರ್ಥ ಆಗ್ಲಿಲ್ಲ."

"ನಿಮಗೆ ಕೂದಲು ಕತ್ತರಿಸುವಾಗ ನಾನು ಎಲ್ಲಿ ನಿಂತಿರ್ತಿದ್ದೆ ಮೇಷ್ಟ್ರೇ?"

"ನನ್ನ ಹಿಂದೆ."

"ನಿಮ್ಮ ಮುಖ ಎಲ್ಲಿ ನೋಡ್ತಿದ್ದೆ?"

"ಕನ್ನಡೀಲಿ..." ಎಂದವನು ಸ್ಕ್ರೀನಿನ ಕಡೆ ತಿರುಗಿದ.

ಅವಳು ಇಡೀ ಮುಖವನ್ನು ಎಡಬಲ ಅದಲುಬದಲು ಮಾಡುವ ಬಟನ್ ಒತ್ತಿದಳು. ಸೀಳು ಎಡಹುಬ್ಬಿಗೆ ಹಾರಿತು. ಮೂಗು ಈ ಕಡೆ ವಾಲಿತು, ಕೆಳಗಿಳಿದ ಕಿವಿ ತನ್ನ ಜಾಗಕ್ಕೆ ಬಂತು. ಸ್ಕ್ರೀನಿನೊಳಗಿನಿಂದ ಹೆಡ್‌ಮೇಷ್ಟ್ರು ಹೆಡ್‌ಮೇಷ್ಟ್ರನ್ನೇ ನೋಡಿ ಮೆಲ್ಲಗೆ ನಗುತ್ತಿದ್ದ.

ಅವನು ತನ್ನ ಎಡಹುಬ್ಬಿನ ಸೀಳನ್ನು ಬೆರಳಿನಿಂದ ಸವರಿಕೊಂಡ.

"ನಾನು... ಇಷ್ಟು ಚೆನ್ನಾಗಿದೀನಾ?"

"ಇಲ್ಲ," ಎಂದಳು ಅವಳು, ಅಳುತ್ತಲೇ ನಗುತ್ತಾ. "ಮಾಡಿದವಳಿಗೆ ಹಾಗೆ ಕಾಣ್ತೀರಾ, ಅಷ್ಟೇ."

"ನಾನೊಬ್ಬ ಮುಠ್ಠಾಳ! ಅವನ ಜೊತೆ ನೀವು ನಗ್ತಾ ನಗ್ತಾ ಮಾತಾಡ್ತಿದ್ರಿ. ನನ್ನ ಕಡೆ ಒಂದು ಸಲನೂ ತಿರುಗಿ ನೋಡ್ತಿರ್ಲಿಲ್ಲ. ಆ ಹುಬ್ಬು ಬೇರೆ ನೋಡ್ದೆ... ಎದೆ ಒಡೆದುಹೋಯ್ತು. ಆದ್ರೂ ನೀವು ಸುಖವಾಗಿರ್ಬೇಕು ಅಂತ..."

"ಭಯಕ್ಕೆ ನೋಡ್ತಿರ್ಲಿಲ್ಲ ರೀ! ನೋಡಿದ್ರೆ ಕಣ್ಣಲ್ಲೇ ಎಲ್ಲಾ ಗೊತ್ತಾಗ್ಬಿಡುತ್ತೆ ಅಂತ!"

"ಈಗ ನೋಡಿ."

"ಆಗಲ್ಲ..."

"ನೋಡಿ, ಕತ್ತರಿ ಮೇಡಂ."

ಅವಳು ಮೆಲ್ಲಗೆ ತಿರುಗಿದಳು. ನಡುವೆ ಗಾಜಿರಲಿಲ್ಲ, ಸ್ಕ್ರೀನಿರಲಿಲ್ಲ. ಇಷ್ಟು ಹತ್ತಿರದಲ್ಲಿ ಆ ಮುಖ ಅವಳಿಗೆ ಹೊಸದಾಗಿ ಕಂಡಿತು. ಅವನ ಕಣ್ಣಲ್ಲೂ ನೀರಿತ್ತು. ಅವಳು ಕಣ್ಣು ಕೀಳಲಿಲ್ಲ.

ಅವನು ಅವಳ ಕೈ ಹಿಡಿದುಕೊಂಡ. ಒರಟಾದ, ಬಿರಿದ ಬೆರಳುಗಳೆಂದು ಅವಳು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

"ಒಂದು ಮಾತು ಕೇಳ್ಲಾ?"

"ಕೇಳಿ. ಆದ್ರೆ ಆ ಮೇಡಂ, ನೀವು, ತಾವು ಎಲ್ಲಾ ಬಿಟ್ಟು ಕೇಳ್ಬೇಕು."

"ಅಂದ್ರೆ... ನೀನು ಅನ್ಲಾ?"

"ಹೂಂ."

ಅವನು ಗಂಟಲು ಸರಿಮಾಡಿಕೊಂಡ. ಕಿವಿಗಳೆರಡೂ ಕೆಂಪಾದವು.

"ನೀನು... ನನ್ನನ್ನ ಮದುವೆ ಆಗ್ತೀರಾ?"

ಅವಳು ಪಕಪಕನೆ ನಕ್ಕುಬಿಟ್ಟಳು. "ಮೇಷ್ಟ್ರಾಗಿ ಇಷ್ಟೂ ಬರಲ್ವಾ? 'ನೀನು' ಅಂದ್ಮೇಲೆ 'ಆಗ್ತೀಯಾ' ಅನ್ಬೇಕು."

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಹೊಸ ಪಾಠ ಒಪ್ಪಿಸುವವನ ಹಾಗೆ ನಿಧಾನವಾಗಿ ಕೇಳಿದ.

"ಆಗ್ತೀಯಾ?"

"ಆಗ್ತೀನಿ ಕಣೋ."